ಮೂಗತ್ತೆ ಮತ್ತು ಸೊಗದೆಯ ಪಾತಿ

ಮೂಗತ್ತೆ ಎಂದರೆ ಮಾತು ಬಾರದವಳು ಎಂದುಕೊಳ್ಳಬೇಡಿ. ಮಾತು ಆಕೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಅದರಲ್ಲಿ ಮುಕ್ಕಾಲು ಪಾಲು ಇನ್ನೊಬ್ಬರನ್ನು ಹಳಿಯುವುದಕ್ಕೇ ಖರ್ಚಾಗುತ್ತಿತ್ತು. ಆ ಹೆಸರು ಬಂದದ್ದು ಮೂಗಿನಿಂದ. ಸೋದರಳಿಯ ನಡೆಸುತ್ತಿದ್ದ ನಾಟಿ ಔಷಧಿ ಅಂಗಡಿಗೆ ಬರುವ ಬೇರು, ತೊಗಟೆ, ಎಲೆ, ಕಾಯಿ ಯಾವುದೇ ಆಗಲಿ, ಆಕೆ ಮೂಸಿ ಸೈ ಎನ್ನದೆ ಹೊಸಿಲು ದಾಟುವಂತಿರಲಿಲ್ಲ. ಅಳಿಯ ಅತ್ತೆ ಎನ್ನುತ್ತಿದ್ದ, ಮೂಟೆ ತರುವವರು ಅದಕ್ಕೆ ಮೂಗನ್ನು ಸೇರಿಸಿದರು. ಆಕೆಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಮನೆ ಬೀದಿಗೆ ಅಂಟಿಕೊಂಡಿತ್ತು. ಮುಂದೆ ಅಂಗಡಿ, ಅದರ ಹಿಂದೆ ಕಷಾಯ ಕುದಿಸುವ ಕೋಣೆ, ಅದರಾಚೆ ಗೋದಾಮು, ಕೊನೆಗೆ ಎತ್ತರದ ಗೋಡೆಯೊಳಗೆ ಒಂದು ತೋಟ. ವಾಸವೆಲ್ಲ ಮಹಡಿಯ ಮೇಲೆ. ಮೂಗತ್ತೆಯ ಜಾಗ ಮಾತ್ರ ಗೋದಾಮಿನ ಬಾಗಿಲು. ಅಲ್ಲಿ ಒಂದು ಗಿಡ್ಡ ಮಣೆ, ಬೇರು ಮುರಿಯಲು ಒಂದು ಅಡಕತ್ತರಿ, ಉಗುಳಲು ಒಂದು ಡಬ್ಬ. ಆ ಮಣೆಯ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ, ಕೂತರೆ ಆಕೆ ಸುಮ್ಮನಿರುತ್ತಲೂ ಇರಲಿಲ್ಲ.

ವಿದ್ಯೆ ಕಲಿಸಿದವನು ಅಪ್ಪ. ಕಣ್ಣಿಗೆ ಟವೆಲು ಕಟ್ಟಿ, ಕೈಗೆ ಒಂದೊಂದೇ ಬೇರು ಕೊಟ್ಟು ಹೆಸರು ಕೇಳುತ್ತಿದ್ದ. ಅಣ್ಣ ಬಜೆಗೂ ಶುಂಠಿಗೂ ತಡವರಿಸಿದ, ತಂಗಿ ಒಂದನ್ನೂ ತಪ್ಪಲಿಲ್ಲ. ಆದರೂ ಅಪ್ಪ ಅಂಗಡಿಯನ್ನು ಅಣ್ಣನಿಗೆ ಕೊಟ್ಟು ಮಗಳನ್ನು ಮದುವೆ ಮಾಡಿ ಕಳಿಸಿದ. ಗಂಡ ಮಾರುತ್ತಿದ್ದ ತಲೆಯೆಣ್ಣೆಯಲ್ಲಿ ಗರುಗದ ಸೊಪ್ಪೇ ಇಲ್ಲ, ಬರೀ ಹಸಿರು ಬಣ್ಣ ಎಂದು ಆಕೆ ಮದುವೆಯಾದ ವಾರದಲ್ಲೇ ಅತ್ತೆಮಾವನ ಎದುರಿಗೇ ಹೇಳಿದಳು. ಆ ಸಂಸಾರ ಹೇಗೆ ನಡೆಯಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ನೇರವಾಗಿ ಮಣೆಯ ಮೇಲೆ ಕೂತಳು. ಅಣ್ಣ ಹೋದ, ಅಣ್ಣನ ಮಗ ಗಲ್ಲಾಪೆಟ್ಟಿಗೆಗೆ ಬಂದ, ಮಣೆಯ ಮೇಲಿನವಳು ಮಾತ್ರ ಬದಲಾಗಲಿಲ್ಲ.

ಆಕೆಯ ತಿರಸ್ಕಾರಕ್ಕೆ ಪಾತ್ರರಾಗದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಬೆಳಗಿನ ವಾಕಿಂಗಿಗೆ ಹೋಗಿ ಕೈಗೆ ಸಿಕ್ಕ ಹಸಿರನ್ನೆಲ್ಲ ಕಿತ್ತು ತಂದು, ‘ಇದು ಸಕ್ಕರೆ ಕಾಯಿಲೆಗೆ ಒಳ್ಳೇದಂತೆ, ಹೌದಾ?’ ಎನ್ನುವ ಶೋಕಿಯವರನ್ನು ಕಂಡರೆ ಆಕೆಯ ಮೈ ಉರಿಯುತ್ತಿತ್ತು. ‘ನಿಮ್ಮ ಕಾಯಿಲೆಗೆ ಒಳ್ಳೇದೋ ಇಲ್ವೋ, ಗಿಡಕ್ಕಂತೂ ನೀವೇ ಕಾಯಿಲೆ’ ಎನ್ನುತ್ತಿದ್ದಳು. ಚರಂಡಿ ಪಕ್ಕದ ಒಂದೆಲಗ ತಂದವನಿಗೆ ಅದನ್ನು ಅಲ್ಲೇ ತಿಂದು ತೋರಿಸು ಎಂದಳು. ಮರದ ಸುತ್ತ ಉಡಿದಾರದ ಹಾಗೆ ತೊಗಟೆ ಸುಲಿದು ತಂದವನ ಮೂಟೆಯನ್ನು ಬೀದಿಗೆ ಎಸೆದಳು. ಸುತ್ತ ಸುಲಿದರೆ ಮರ ನಿಂತಲ್ಲೇ ಸಾಯುತ್ತದೆ, ಒಂದು ಬದಿಯಲ್ಲಿ ಉದ್ದಕ್ಕೆ ಸೀಳು ತೆಗೆದು ಗಾಯಕ್ಕೆ ಮಣ್ಣು ಮೆತ್ತಬೇಕು ಎಂಬುದು ಆಕೆಯ ಕಟ್ಟಳೆ. ಬೀಜ ಉದುರುವ ಮೊದಲು ಗಿಡ ಕೀಳಬಾರದು, ಒಂದೇ ಜಾಗಕ್ಕೆ ವರ್ಷವರ್ಷವೂ ಕೈ ಹಾಕಬಾರದು, ಬೇರು ತೆಗೆದರೆ ತಾಯಿ ಬೇರು ಬಿಟ್ಟು ಗುಂಡಿ ಮುಚ್ಚಬೇಕು. ಹೇಳಿದ್ದೆಲ್ಲ ಸರಿಯೇ. ಸರಿಯಾದ್ದನ್ನು ಹೇಳುವಾಗ ಕೇಳುವವನ ಮುಖಕ್ಕೆ ಉಗಿದ ಹಾಗೆ ಹೇಳಬೇಕೆಂದು ಮಾತ್ರ ಆಕೆಗೆ ಯಾರು ಕಲಿಸಿದರೋ ತಿಳಿಯದು.

ಇನ್ನೊಂದು ಕಟ್ಟಳೆಯೂ ಇತ್ತು. ಬೇಡವೆಂದ ಮಾಲನ್ನು ಹಿತ್ತಲಲ್ಲೇ ಸುಡಬೇಕು. ‘ಮೋಸದ ಬೇರನ್ನ ತಿಪ್ಪೆಗೆ ಎಸೆದ್ರೆ ಅದು ನಡ್ಕೊಂಡು ಬಂದು ಇನ್ನೊಂದು ಮೂಟೆ ಸೇರುತ್ತೆ’ ಎನ್ನುತ್ತಿದ್ದಳು. ಎಸೆದದ್ದನ್ನು ಆರಿಸಿ ಮತ್ತೆ ಮಾರುವವರನ್ನು ಆಕೆ ಕಂಡಿದ್ದಳು.

ಮನೆಯವರ ಪಾಡಂತೂ ಕೇಳುವುದೇ ಬೇಡ. ಅಳಿಯನಿಗೆ ಸದಾ ನೆಗಡಿ. ಅವನ ಮೂಗು ಇರುವುದು ಕನ್ನಡಕ ನಿಲ್ಲಿಸುವುದಕ್ಕೆ ಎಂದು ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು. ಅವನ ಹೆಂಡತಿ ಮದುವೆಗೆ ಮೊದಲು ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಬಂದ ಹೊಸದರಲ್ಲಿ ಪಾಪದವಳು ಮಣೆಯ ಪಕ್ಕ ಕೂತು, ಒಂದು ಬೇರನ್ನು ಮೂಸಿ, ‘ಅತ್ತೆ, ಇದು ಹಸಿ ಅರಿಶಿನದ ಹಾಗಿದೆ ಅಲ್ವಾ?’ ಎಂದಳು. ‘ನಿನ್ನ ಮೂಗಿಗೆ ಸೂಜಿ ಪೋಣಿಸೋಕೆ ಹೇಳು, ಹೋಗು’ ಎಂದಳು ಮೂಗತ್ತೆ. ಅದು ಕಾಡು ಅರಿಶಿನವೇ ಆಗಿತ್ತು, ಸೊಸೆ ಹೇಳಿದ್ದು ಬಹಳ ತಪ್ಪೇನಲ್ಲ. ಆದರೆ ಅದನ್ನು ಒಪ್ಪಿಕೊಂಡರೆ ಮೂಗತ್ತೆಯ ಗಂಟೇನು ಕಳೆದುಹೋಗುತ್ತಿತ್ತೋ! ಅಂದಿನಿಂದ ಸೊಸೆ ಏನನ್ನು ಮೂಸಿದರೂ ಬಾಯಿ ಬಿಡಲಿಲ್ಲ, ಅತ್ತೆಯ ಕಣ್ಣು ತನ್ನ ಮೇಲೆ ಬಿದ್ದರೆ ಸಾಕು, ತಪ್ಪು ಮಾಡಿದವಳಂತೆ ಮುದುಡಿಕೊಳ್ಳುತ್ತಿದ್ದಳು.

ಆ ಸೊಸೆಯೇ ತೋಟದ ಗೋಡೆಯ ನೆರಳಿನಲ್ಲಿ ಸೊಗದೆ ಬೆಳೆಸಲು ಹೊರಟಳು. ಉರಿಮೂತ್ರಕ್ಕೂ ಮೈ ತುರಿಕೆಗೂ ಈ ಅಂಗಡಿಯವರು ಕೊಡುತ್ತಿದ್ದ ಕಷಾಯಕ್ಕೆ ಸೊಗದೆ ಬೇರೇ ಜೀವಾಳ. ಸಣಕಲು ಬಳ್ಳಿ, ತೆಳ್ಳಗಿನ ಬೇರು, ಮುರಿದರೆ ಸಿಹಿಯಾದ ಘಮ. ಎಲ್ಲರೂ ಅಗೆದು ಅಗೆದು ಬೇಲಿಗಳಲ್ಲಿ, ದಿಬ್ಬಗಳಲ್ಲಿ ಅದು ಸಿಗುವುದೇ ಕಷ್ಟವಾಗಿತ್ತು. ಸೊಸೆ ಅಲ್ಲಿಲ್ಲಿ ಉಳಿದ ಬಳ್ಳಿಗಳ ಬುಡ ಮುಟ್ಟದೆ, ಗಿಣ್ಣಿರುವ ತುಂಡುಗಳನ್ನಷ್ಟೇ ಕತ್ತರಿಸಿ ತಂದು, ಖಾಲಿ ಹಾಲಿನ ಕವರುಗಳಲ್ಲಿ ನೆಟ್ಟಳು. ಹೆಚ್ಚಿನವು ಕೊಳೆತವು. ಬದುಕಿದ್ದನ್ನು ಪಾತಿಗೆ ಇಳಿಸಿದಳು. ಬೇಸಿಗೆಯಲ್ಲಿ ಗೋಣಿಚೀಲ ಒದ್ದೆ ಮಾಡಿ ಹೊದಿಸಿದಳು, ಮಳೆಯಲ್ಲಿ ನೀರು ನಿಲ್ಲದಂತೆ ಕಾಲುವೆ ತೋಡಿದಳು. ವರ್ಷಗಳು ಹೋದವು. ‘ನಮ್ಮ ಬೇರು ನಮ್ಮಲ್ಲೇ ಸಿಕ್ಕಿದ್ರೆ ಹೊರಗಿಂದು ಅಗೆಸೋದು ತಪ್ಪುತ್ತೆ’ ಎಂದು ಗಂಡನಿಗೆ ಹೇಳಿದ್ದಳಂತೆ. ಮೂಗತ್ತೆ ಅದನ್ನು ಕೇಳಿಸಿಕೊಂಡು ಮೂತಿ ಸೊಟ್ಟಗೆ ಮಾಡಿದ್ದಳು. ಈ ಬುದ್ಧಿ ತನಗೆ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಅದು, ಬೇರೇನಲ್ಲ.

ಆ ವರ್ಷ ಮೂಗತ್ತೆಗೆ ಜ್ವರ ಬಂತು. ನೆಗಡಿ, ಕೆಮ್ಮು, ಮೈಕೈ ನೋವು. ಎಲ್ಲರಿಗೂ ಬರುವಂಥದ್ದೇ. ಎದ್ದು ಬಂದ ದಿನ ಮಣೆಯ ಮೇಲೆ ಕೂತು ಬಜೆಯ ತುಂಡು ಮುರಿದಳು. ಬಜೆಯ ವಾಸನೆ ಸತ್ತವನನ್ನೂ ಎಬ್ಬಿಸುವಂಥದ್ದು. ಏನೂ ಬರಲಿಲ್ಲ. ‘ಎಂಥಾ ಹಳಸಲು ಮಾಲು ತಂದಿದ್ದೀಯ!’ ಎಂದು ತಂದವನ ಮೇಲೆ ಹರಿಹಾಯ್ದಳು. ಆಮೇಲೆ ಮಹಡಿಗೆ ಹೋಗಿ ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಸೀಮೆಎಣ್ಣೆಯ ಡಬ್ಬದ ಮುಚ್ಚಳ ತೆಗೆದು ಮೂಗನ್ನು ಒಳಗೇ ಇಳಿಸಿದಳು. ನೀರಿನ ಪಾತ್ರೆಗೆ ಮುಖ ಇಟ್ಟ ಹಾಗಿತ್ತು. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಆಕೆಗೆ ಹೆದರಿಕೆಯಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಕೆಳಗಿಳಿದು ಬಂದು, ‘ಮಗಾ, ನನಗೆ ವಾಸನೆ ಗೊತ್ತಾಗ್ತಿಲ್ಲ, ನೀವೂ ಸ್ವಲ್ಪ ನೋಡ್ಕೊಳ್ಳಿ’ ಎನ್ನುತ್ತಿದ್ದರು. ಅದರಲ್ಲಿ ಅವಮಾನವೇನೂ ಇಲ್ಲ. ಕಣ್ಣು ಮಂಜಾಗುವುದಿಲ್ಲವೇ, ಕಿವಿ ಮಂದವಾಗುವುದಿಲ್ಲವೇ? ಆದರೆ ಆಯುಸ್ಸು ಪೂರ್ತಿ ಊರವರ ಮೂಗುಗಳನ್ನು ಗೇಲಿ ಮಾಡಿದವಳು ಈಗ ಯಾವ ಬಾಯಲ್ಲಿ ಹೇಳಬೇಕು? ಆ ಮಣೆ ಬಿಟ್ಟರೆ ಆಕೆಗೆ ಈ ಮನೆಯಲ್ಲಿ ಏನಿತ್ತು? ಮಹಡಿಯ ಮೂಲೆಯಲ್ಲಿ ಒಂದು ಮಂಚ, ಅಷ್ಟೆ. ಮಣೆ ಹೋದರೆ ಕರೆದಾಗ ಊಟಕ್ಕೆ ಏಳುವ ಮುದುಕಿಯಾಗಿ ಉಳಿಯಬೇಕು. ಹಾಗಾಗಿ ಸುಮ್ಮನಿದ್ದುಬಿಟ್ಟಳು.

ಸುಮ್ಮನಿದ್ದಳು ಎಂದರೆ ಕೆಲಸ ಬಿಟ್ಟಳು ಎಂದಲ್ಲ. ಮೊದಲಿನ ಹಾಗೆಯೇ ಬೇರು ಮುರಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಗಲ್ಲ ಎತ್ತಿ ಕೂರುತ್ತಿದ್ದಳು. ಆದರೆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ರೆಪ್ಪೆಯ ಸಂದಿಯಿಂದ ಮಾಲು ತಂದವನ ಮುಖ ನೋಡುತ್ತಿದ್ದಳು. ಮುಖ ನಿರಾಳವಾಗಿದ್ದರೆ ಮಾಲು ಸಾಚಾ, ಅಂಜಿಕೆ ಕಂಡರೆ ಖೋಟಾ. ಹೀಗೆ ನಡೆಸಿದಳು. ಮೂಟೆಗಳು ಒಳಗೆ ಹೋದವು, ಆಕೆ ಸೈ ಎಂದದ್ದನ್ನು ಮತ್ತೆ ಮೂಸಿ ನೋಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಮೂಟೆ ತರುವವರಲ್ಲಿ ನಗುಮುಖದವನೊಬ್ಬನಿದ್ದ. ಮೊದಲು ಇವನ ಮಾಲನ್ನು ಮೂಗತ್ತೆ ಹತ್ತಾರು ಸಲ ಹಿಂದಕ್ಕೆ ಕಳಿಸಿದ್ದಳು. ಈಗ ಅವನು ತಂದ ಸೊಗದೆ ಬೇರನ್ನು ಮೂಸಿ, ಅವನ ಹಲ್ಲುಕಿರಿಯುವ ಮುಖ ನೋಡಿ, ‘ಹ್ಞೂಂ, ಪರವಾಗಿಲ್ಲ’ ಎಂದಳು. ಅವನಿಗೇ ಆಶ್ಚರ್ಯವಾಗಿರಬೇಕು. ಮುಂದಿನ ಸಲ ಇನ್ನೂ ದೊಡ್ಡ ಮೂಟೆ ತಂದ, ಇನ್ನೂ ಅಗಲವಾಗಿ ನಕ್ಕ. ಕಷಾಯದಲ್ಲಿ ಮೊದಲಿನ ರುಚಿಯೇ ಇಲ್ಲ, ತುರಿಕೆಯೂ ಇಳಿದಿಲ್ಲ ಎಂದು ಹಳೆಯ ಗಿರಾಕಿ ಹೆಂಗಸೊಬ್ಬಳು ಬಾಟಲಿ ಹಿಡಿದುಕೊಂಡು ಬಂದಳು. ಅವಳ ತೋಳಿನ ತುಂಬ ಕೆರೆದ ಗಾಯ. ‘ನಾಲಿಗೆ ಕೆಟ್ಟವರಿಗೆ ನಾವೇನು ಮಾಡೋದು!’ ಎಂದು ಮೂಗತ್ತೆ ಬಾಗಿಲಿಂದಲೇ ಕೂಗಿದಳು. ಆದರೆ ಆ ತೋಳು ಕಣ್ಣಿಂದ ಹೋಗಲಿಲ್ಲ. ಇನ್ನು ಮೇಲೆ ಅನುಮಾನ ಬಂದದ್ದನ್ನೆಲ್ಲ ಬೇಡವೆನ್ನುವುದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದಳು. ಬೇಡ ಎಂದವಳನ್ನು ಯಾರೂ ಪ್ರಶ್ನಿಸುವುದಿಲ್ಲ, ಬಿಗಿ ಹೆಂಗಸು ಎಂದು ಹೊಗಳುತ್ತಾರೆ.

ಸರಿಯಾಗಿ ಅದೇ ಸಮಯಕ್ಕೆ ಸೊಸೆಯ ಪಾತಿ ಕಟಾವಿಗೆ ಬಂತು. ಸೊಸೆ ಪ್ರತಿ ಬಳ್ಳಿಯ ಒಂದು ಮಗ್ಗುಲಲ್ಲಿ ಮಾತ್ರ ಮಣ್ಣು ಸಡಿಲಿಸಿ, ಅಡ್ಡ ಬೇರುಗಳನ್ನಷ್ಟೇ ಕತ್ತರಿಸಿ, ತಾಯಿ ಬೇರನ್ನು ಮುಚ್ಚಿದಳು. ತೊಳೆದು, ತಗಡಿನ ಚಾವಣಿಯ ಕೆಳಗೆ ನೆರಳಲ್ಲಿ ಒಣಗಿಸಿದಳು. ಒಣಗಿದ ಬೇರನ್ನು ಮೊರದಲ್ಲಿ ತುಂಬಿಕೊಂಡು ಮಣೆಯ ಮುಂದೆ ಬಂದು ನಿಂತಳು. ಅಂಗಡಿ ಬಿಟ್ಟು ಅಳಿಯನೂ ಬಂದ.

ಮೂಗತ್ತೆ ಬೇರು ಮುರಿದಳು. ಮೂಗಿಗೆ ಹಿಡಿದಳು. ಏನೂ ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ಎಲೆ ನೋಡೋಣವೆಂದರೆ ನೆರಳಲ್ಲಿ ಬೆಳೆದ ಬಳ್ಳಿಯ ಎಲೆ ಅಗಲವಾಗುತ್ತದೆ, ನಡುವಿನ ಬಿಳಿ ಗೆರೆ ಮಾಸುತ್ತದೆ, ಸೊಗದೆಯ ಹಾಗೇ ಕಾಣುವ ಬೇರೊಂದು ಬಳ್ಳಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ವಾಸನೆ ಒಂದೇ ಸಾಕ್ಷಿ ಎಂದು ಊರಿಗೆಲ್ಲ ಪಾಠ ಹೇಳಿದವಳು ಆಕೆಯೇ. ಉಳಿದದ್ದು ಮುಖ. ರೆಪ್ಪೆಯ ಸಂದಿಯಿಂದ ಸೊಸೆಯ ಮುಖ ನೋಡಿದಳು. ಆ ಮುಖದ ತುಂಬ ಹೆದರಿಕೆ. ತುಟಿ ಒಣಗಿದೆ, ಕಣ್ಣು ನೆಲ ನೋಡುತ್ತಿದೆ. ಅದು ತಾನೇ ವರ್ಷಾನುಗಟ್ಟಲೆ ಬಿತ್ತಿದ ಹೆದರಿಕೆ ಎಂದು ಆಕೆಗೆ ಹೊಳೆಯಲಿಲ್ಲ. ಅಂಜಿಕೆ ಕಂಡರೆ ಖೋಟಾ, ಲೆಕ್ಕ ಅಷ್ಟೇ ತಾನೇ?

‘ಇದು ಸೊಗದೆ ಅಲ್ಲ’ ಎಂದಳು.

ಸೊಸೆ ತಲೆ ಎತ್ತಿದಳು. ‘ಅತ್ತೆ... ವಾಸನೆ ಇದೆಯಲ್ಲ. ನನಗೆ ಬರ್ತಿದೆ.’

‘ನಿನಗೆ ಬರುತ್ತೆ, ಯಾಕೆ ಬರಲ್ಲ! ಈ ಬಾಗಿಲಲ್ಲಿ ಎಷ್ಟು ವರ್ಷದಿಂದ ಸೊಗದೆ ಮೂಟೆ ಇಳಿದಿದೆ? ಗೋಡೆಗೂ ಅದೇ ವಾಸನೆ, ಮೊರಕ್ಕೂ ಅದೇ ವಾಸನೆ. ಪಕ್ಕದಲ್ಲಿಟ್ಟ ಕಟ್ಟಿಗೆಗೂ ಅಂಟುತ್ತೆ. ಅದು ಬೇರಿನ ವಾಸನೆಯೋ ಅಂಟಿದ ವಾಸನೆಯೋ ತಿಳಿಯೋಕೆ ಮೂಗು ಬೇಕು ತಾಯಿ, ಬಟನ್ ಹೊಲಿಯೋ ಬೆರಳು ಸಾಲದು.’

‘ನಾನು ಬಳ್ಳಿ ನೋಡಿಯೇ ತಂದಿದ್ದು ಅತ್ತೆ. ಒಂದೊಂದನ್ನೂ...’

‘ನೋಡಿ ತಂದಳಂತೆ! ಇದನ್ನ ಕುದಿಸಿ ಯಾರಿಗಾದ್ರೂ ಕುಡಿಸಿದ್ರೆ ಆಮೇಲೆ ಪೊಲೀಸರು ಬಂದಾಗ ನೀನು ಹೋಗ್ತೀಯೋ, ನಿನ್ನ ಗಂಡ ಹೋಗ್ತಾನೋ?’

ಅಳಿಯ ಹೆಂಡತಿಯ ಕಡೆ ನೋಡಿದ, ಅತ್ತೆಯ ಕಡೆ ನೋಡಿದ, ಮೂಗು ಒರೆಸಿಕೊಂಡ. ಬೆನ್ನುಮೂಳೆ ಇರುವ ಗಂಡಸಾಗಿದ್ದರೆ ಇನ್ನೊಬ್ಬ ಬಲ್ಲವರಿಗೆ ತೋರಿಸೋಣ ಎನ್ನುತ್ತಿದ್ದ. ‘ಅತ್ತೆ ಯಾವತ್ತೂ ತಪ್ಪಿಲ್ಲ ಕಣೇ, ನಿನಗೆ ಗೊತ್ತಲ್ಲ’ ಎಂದ. ಸೊಸೆ ಒಂದು ತುಂಡನ್ನು ಎತ್ತಿ ತನ್ನ ಮೂಗಿಗೆ ಹಿಡಿದಳು, ಇಳಿಸಿದಳು, ಮತ್ತೆ ಹಿಡಿದಳು. ಅವಳ ಮುಖ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಬರುತ್ತಿರುವ ವಾಸನೆಯನ್ನು ನಂಬಬೇಕೋ ಬೇಡವೋ ತಿಳಿಯದೆ ಮೊರವನ್ನು ಕೆಳಗಿಟ್ಟಳು.

‘ಬುಡದಿಂದ ತೆಗೆಸಿ’ ಎಂದಳು ಮೂಗತ್ತೆ. ‘ಒಂದು ಬಳ್ಳಿ ಉಳಿದ್ರೂ ನಾಳೆ ಯಾರೋ ಸೊಗದೆ ಅಂತ ತುಂಡು ತಗೊಂಡು ಹೋಗಿ ನೆಡ್ತಾರೆ.’

ಅಲ್ಲಿಗೇ ನಿಲ್ಲಿಸಬಹುದಿತ್ತು. ಪಾತಿ ಹಾಗೇ ಇರಲಿ, ನೋಡೋಣ ಎಂದಿದ್ದರೆ ಆಗುತ್ತಿತ್ತು. ಒಳಗೊಂದು ಅಳುಕು ಇದ್ದೇ ಇತ್ತು, ಆ ಅಳುಕು ಇದ್ದದ್ದಕ್ಕೇ ಪೂರ್ತಿ ಕೀಳಿಸಿದಳು. ಸಾಕ್ಷಿ ಉಳಿಯಬಾರದು. ತಾನು ಮಾಡುತ್ತಿರುವುದು ಕಟ್ಟುನಿಟ್ಟು ಎಂದು ತನಗೇ ಹೇಳಿಕೊಂಡಳು. ಪುಕ್ಕಲುತನಕ್ಕೆ ಇಷ್ಟು ಗಂಭೀರವಾದ ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿಯಲ್ಲಿ ಕಷಾಯ ಕುದಿಸುವ ಕೆಲಸದವನು ಗುದ್ದಲಿ ತಂದು ಅಗೆದ. ಕಿತ್ತ ಬಳ್ಳಿಗಳು ನಾಲ್ಕು ದಿನ ಬಿಸಿಲಲ್ಲಿ ಬಾಡಿದವು. ಆಮೇಲೆ ಹಿತ್ತಲಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಹರಡಿ, ಮೇಲೆ ಬಳ್ಳಿ, ಅದರ ಮೇಲೆ ಮೊರದ ಬೇರು ಸುರಿದರು. ಸುಡುವಾಗ ಎದುರಿಗೆ ನಿಲ್ಲುವುದು ಮೂಗತ್ತೆಯ ಪದ್ಧತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಸೊಸೆ ಕುದಿಸುವ ಕೋಣೆಯ ಬಾಗಿಲಲ್ಲಿ ಒರಗಿದ್ದಳು. ಕಡ್ಡಿ ಗೀರಿದವನು ಅಳಿಯ.

ರಟ್ಟು ಹತ್ತಿಕೊಂಡಿತು, ಬೇರಿಗೆ ಬೆಂಕಿ ತಗುಲಿತು, ಬಿಳಿ ಹೊಗೆ ಎದ್ದು ಗೋಡೆಯ ಮೇಲೆ ಹಾದು ಬೀದಿಗೆ ಹೋಯಿತು. ಮೊದಲು ಕುದಿಸುವವನು ಗುದ್ದಲಿ ಇಳಿಸಿ ಮುಖ ಮೇಲೆತ್ತಿದ. ಆಮೇಲೆ ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವಳು ಕೈ ನಿಲ್ಲಿಸಿದಳು. ನೆಗಡಿಯ ಅಳಿಯನೂ ಎರಡು ಸಲ ಉಸಿರೆಳೆದು ಕಡ್ಡಿಪೆಟ್ಟಿಗೆಯನ್ನು ಕೈಯಿಂದ ಬಿಟ್ಟ. ಹಿತ್ತಲ ಬಾಗಿಲಿಗೆ ಬೀದಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಎಲ್ಲರ ಮುಖದಲ್ಲೂ ಒಂದೇ ಥರದ ಏನೋ ಇತ್ತು. ಮೂಗತ್ತೆ ಆ ಮುಖಗಳನ್ನು ಒಂದೊಂದಾಗಿ ನೋಡಿದಳು, ಓದಲಾಗಲಿಲ್ಲ. ಅಸಹ್ಯವಿರಬೇಕು ಎಂದುಕೊಂಡಳು. ಕೆಟ್ಟ ಬೇರು ಸುಟ್ಟರೆ ಕೆಟ್ಟ ವಾಸನೆ ತಾನೇ ಬರಬೇಕು?

‘ಏನ್ರೀ ಹಾಗೆ ನಿಂತಿದ್ದೀರ?’ ಎಂದಳು ಗಟ್ಟಿಯಾಗಿ. ‘ಗಬ್ಬು ನಾರ್ತಿದೆ ಅಂತ ಗೊತ್ತಾಗಲ್ವಾ? ಮೂಗು ಮುಚ್ಕೊಂಡು ಮನೆಗೆ ಹೋಗಿ!’

ಯಾರೂ ಹೋಗಲಿಲ್ಲ. ಎಲ್ಲರೂ ಹೊಗೆ ಬಿಟ್ಟು ಆಕೆಯನ್ನೇ ನೋಡಿದರು. ಹಿತ್ತಲ ಬಾಗಿಲಲ್ಲಿದ್ದ, ತುರಿಕೆ ಇಳಿದಿಲ್ಲ ಎಂದಿದ್ದ ಆ ಗಿರಾಕಿ ಹೆಂಗಸು ಬಾಯಿಗೆ ಸೆರಗು ಹಿಡಿದಳು.

ಸೊಸೆ ಹತ್ತಿರ ಬಂದಳು. ಮೊದಲ ಸಲ ಅತ್ತೆಯ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

‘ಯಾವಾಗಿಂದ ಅತ್ತೆ?’

ಬೈದಿದ್ದರೆ ಮೂಗತ್ತೆ ತಿರುಗಿ ಬೈಯುತ್ತಿದ್ದಳು. ಅತ್ತಿದ್ದರೆ ಅಣಕಿಸುತ್ತಿದ್ದಳು. ಸೊಸೆ ಎರಡನ್ನೂ ಮಾಡಲಿಲ್ಲ.

‘ಜ್ವರ ಬಂದಾಗಿಂದ’ ಎಂದಳು ಮೂಗತ್ತೆ.

ಅಳಿಯ ಕೋಲಿನಿಂದ ಬೆಂಕಿ ಕೆದಕಿ ಬೇರು ಎಳೆಯಲು ನೋಡಿದ. ಕರಿ ಬಿಟ್ಟು ಏನೂ ಉಳಿದಿರಲಿಲ್ಲ. ಸೊಸೆ ಅತ್ತ ನೋಡಲೂ ಇಲ್ಲ. ‘ಅದು ಹೋಯ್ತು, ಬಿಡಿ. ಗೋದಾಮಿನ ಬೀಗ ತೆಗೀರಿ’ ಎಂದಳು ಗಂಡನಿಗೆ. ‘ಜ್ವರ ಆದ್ಮೇಲೆ ಅತ್ತೆ ಒಳಗೆ ಬಿಟ್ಟಿದ್ದೆಲ್ಲ ಹೊರಗೆ ಹಾಕಿ. ಅಂಗಡಿಯಲ್ಲಿರೋ ಬಾಟಲಿ ಯಾರಿಗೂ ಕೊಡಬೇಡಿ. ಬನ್ನಿ ಅಕ್ಕ, ನೀವೂ ಬನ್ನಿ, ನಿಮಗೂ ಮೂಗಿದೆ.’ ಗಿರಾಕಿ ಹೆಂಗಸು ಅವಳ ಹಿಂದೆ ಹೋದಳು. ಕುದಿಸುವವನು ಹೋದ, ಪಕ್ಕದ ಮನೆಯವಳೂ ಇಳಿದು ಬಂದು ಒಳಗೆ ಹೋದಳು. ಗೋದಾಮಿನಲ್ಲಿ ಮೂಟೆಗಳು ದೊಪ್ಪನೆ ಬೀಳುವುದು ಕೇಳಿಸಿತು. ‘ಇದರಲ್ಲಿ ವಾಸನೆನೇ ಇಲ್ಲ’ ಎಂದಿತು ಒಂದು ದನಿ. ‘ಇದರಲ್ಲೂ ಇಲ್ಲ’ ಎಂದಿತು ಇನ್ನೊಂದು. ಹಿತ್ತಲ ಕಡೆ ಯಾರೂ ತಿರುಗಿ ನೋಡಲಿಲ್ಲ, ಬೈಯಲು ಕೂಡ.

ಮೂಗತ್ತೆ ಬೆಂಕಿಯ ಹತ್ತಿರ ಹೋಗಿ ಮೊಣಕಾಲೂರಿದಳು. ಮುಖವನ್ನು ಹೊಗೆಯೊಳಗೇ ಇಟ್ಟು ಎದೆ ತುಂಬ ಎಳೆದುಕೊಂಡಳು. ಕೆಮ್ಮು ಬಂತು, ಮತ್ತೆ ಎಳೆದಳು. ಬೀದಿಯೆಲ್ಲ ಘಮಘಮಿಸುತ್ತಿತ್ತು. ಆಕೆಯ ಮೂಗಿಗೆ ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದು ದೊಡ್ಡ ವಿಷಯವೇನಲ್ಲ, ಹೊಗೆಗೆ ಯಾರಿಗಾದರೂ ಬರುತ್ತದೆ.